ರಾ ಫೈಲ್ ಇಂಪೋರ್ಟ್ ಆದ್ಮೇಲೆ ಬಣ್ಣ ಸಪ್ಪೆ ಆದ್ರೆ: ಸ್ಯಾಚುರೇಷನ್ ಮುಟ್ಟೋ ಮುಂಚೆ ಪ್ರೊಫೈಲ್ ನೋಡಿ

ಲಾಲ್‌ಬಾಗ್ ಫ್ಲವರ್ ಶೋ ಫೋಟೋ ಹಾಕಿ, "ಲೈಟ್‌ರೂಮ್‌ಗೆ (ಅಡೋಬಿಯ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್) ತಂದಾಗ ಒಂದು ಕ್ಷಣ ಚೆನ್ನಾಗಿ ಕಾಣತ್ತೆ, ಆಮೇಲೆ ಸಪ್ಪೆ ಆಗತ್ತೆ, ಅದಕ್ಕೇ ಸ್ಯಾಚುರೇಷನ್ (ಬಣ್ಣದ ಗಾಢತೆ) +35 ಅಂತ ಪ್ರಿಸೆಟ್ (ಉಳಿಸಿಟ್ಟ ಸೆಟಿಂಗ್) ಮಾಡಿ ಇಂಪೋರ್ಟ್‌ನಲ್ಲೇ ಹಾಕ್ತಿದೀನಿ, ಈಗ ಕೆಂಪು ಗುಲಾಬಿ ಪೇಂಟ್ ಬಳಿದ ಹಾಗೆ ಬರ್ತಿದೆ" ಅಂತ ಕೇಳಿದ್ದೀರಲ್ಲ, ಮೊದಲು ಆ ಪ್ರಿಸೆಟ್ ಡಿಲೀಟ್ ಮಾಡಿ. ಈ ತಪ್ಪು ನಮ್ಮ ಫೋಟೋಗ್ರಫಿ ಗುಂಪಿನಲ್ಲಿ ಮತ್ತೆ ಮತ್ತೆ ಬರ್ತಿದೆ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಒಂದು ಕ್ಷಣ ಚೆನ್ನಾಗಿ ಕಂಡಿದ್ದು ರಾ (ಸೆನ್ಸರ್ ಹಿಡಿದ ಕಚ್ಚಾ ಡೇಟಾ) ಅಲ್ಲ. ರಾ ಫೈಲ್ ಒಳಗೆ ಕ್ಯಾಮೆರಾ ತಾನೇ ಮಾಡಿ ಇಟ್ಟಿರೋ ಜೆಪೆಗ್ ಅದು. ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ನೋಡೋದೂ ಅದನ್ನೇ. ಅದರಲ್ಲಿ ನಿಮ್ಮ ಪಿಕ್ಚರ್ ಕಂಟ್ರೋಲ್ (ಕ್ಯಾಮೆರಾದಲ್ಲಿ ಆರಿಸಿದ ಬಣ್ಣದ ಶೈಲಿ), ಕಾಂಟ್ರಾಸ್ಟ್, ಆಕ್ಟಿವ್ ಡಿ-ಲೈಟಿಂಗ್ (ನಿಕಾನ್‌ನಲ್ಲಿ ನೆರಳು ಎತ್ತಿ ತೋರಿಸೋ ಸೆಟಿಂಗ್) ಎಲ್ಲ ಸೇರಿರತ್ತೆ. ಲೈಟ್‌ರೂಮ್ ಅದನ್ನ ಪಕ್ಕಕ್ಕಿಟ್ಟು ತನ್ನ ಲೆಕ್ಕದಲ್ಲಿ ರಾ ಬಿಡಿಸಿದ ತಕ್ಷಣ ಬಣ್ಣ ಬದಲಾಗತ್ತೆ. ಅಂದ್ರೆ ಬಣ್ಣ ಹೋಗಿಲ್ಲ, ಪ್ರೊಫೈಲ್ (ರಾ ಡೇಟಾನ ಬಣ್ಣವಾಗಿಸೋ ಲೆಕ್ಕ) ಬೇರೆ ಆಗಿದೆ. 2018ರಿಂದ ಲೈಟ್‌ರೂಮ್ ಡಿಫಾಲ್ಟ್ ಅಡೋಬಿ ಕಲರ್, ಅದಕ್ಕೂ ಮುಂಚೆ ಅಡೋಬಿ ಸ್ಟ್ಯಾಂಡರ್ಡ್. ಎರಡೂ ನಿಮ್ಮ ಕ್ಯಾಮೆರಾ ಕಂಪನಿಯ ಬಣ್ಣ ಅಲ್ಲ.

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಡೆವಲಪ್‌ಗೆ (ಎಡಿಟ್ ಮಾಡೋ ಭಾಗ) ಹೋಗಿ, ಬೇಸಿಕ್ ಪ್ಯಾನೆಲ್ ಮೇಲ್ಗಡೆ ಪ್ರೊಫೈಲ್ ಪಕ್ಕದ ನಾಲ್ಕು ಚೌಕದ ಐಕಾನ್ ಒತ್ತಿ, ಕ್ಯಾಮೆರಾ ಮ್ಯಾಚಿಂಗ್ ತೆಗೀರಿ. ನಿಕಾನ್‌ಗೆ, ಕೆನಾನ್‌ಗೆ ಕ್ಯಾಮೆರಾ ಸ್ಟ್ಯಾಂಡರ್ಡ್, ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್ ಅಂತೆಲ್ಲ ಇರತ್ತೆ. ಫ್ಯೂಜಿಗೆ ಪ್ರೋವಿಯಾ, ವೆಲ್ವಿಯಾ ಹೆಸರಲ್ಲೇ ಇರತ್ತೆ. ಕ್ಯಾಮೆರಾದಲ್ಲಿ ಯಾವುದು ಇಟ್ಟಿದ್ರೋ ಅದನ್ನೇ ಆರಿಸಿ. ಮುಕ್ಕಾಲು ಪಾಲು ಸಮಸ್ಯೆ ಇಲ್ಲೇ ಮುಗಿಯತ್ತೆ, ಒಂದು ಸ್ಲೈಡರ್ ಕೂಡ ಮುಟ್ಟದೆ.

ಪ್ರತಿ ಸಲ ಹೀಗೆ ಮಾಡೋದು ಬೇಡ ಅಂದ್ರೆ ಪ್ರಿಫರೆನ್ಸಸ್, ಪ್ರಿಸೆಟ್ಸ್ ಟ್ಯಾಬ್, ರಾ ಡಿಫಾಲ್ಟ್ಸ್‌ನಲ್ಲಿ ಗ್ಲೋಬಲ್ (ಮೊದಲು ಮಾಸ್ಟರ್ ಅಂತಿತ್ತು) ಜಾಗದಲ್ಲಿ ಕ್ಯಾಮೆರಾ ಸೆಟಿಂಗ್ಸ್ ಇಡಿ. ಎರಡು ಬೇರೆ ಬೇರೆ ಕ್ಯಾಮೆರಾ ಇದ್ರೆ ಅದರ ಕೆಳಗೇ ಕ್ಯಾಮೆರಾ ಮಾಡೆಲ್ ಪ್ರಕಾರ ಪ್ರತ್ಯೇಕ ಡಿಫಾಲ್ಟ್ ಇಡೋಕೆ ಬರತ್ತೆ. ಇದು 2020ರಲ್ಲಿ ಬಂದ ಸೌಲಭ್ಯ, ಹಳೇ ಆವೃತ್ತಿಯಲ್ಲಿ ಹುಡುಕಬೇಡಿ. ಇಷ್ಟು ಮಾಡಿದ್ಮೇಲೂ ಬದಲಾಗ್ಲಿಲ್ಲ ಅಂದ್ರೆ ಇಂಪೋರ್ಟ್ ವಿಂಡೋ ಬಲಗಡೆ ಡೆವಲಪ್ ಸೆಟಿಂಗ್ಸ್ ನೋಡಿ, ಅಲ್ಲಿ ಹಳೇ ಪ್ರಿಸೆಟ್ ಕೂತಿರತ್ತೆ. ಅದನ್ನ "None" ಮಾಡಿ. ಈಗಾಗ್ಲೇ ಒಳಗಿರೋ ಫೋಟೋಗಳಿಗೆ ರೀಸೆಟ್ ಒತ್ತಬೇಡಿ, ಕ್ರಾಪ್, ಮಾಸ್ಕ್ ಎಲ್ಲ ಹೋಗತ್ತೆ. ಒಂದರಲ್ಲಿ ಪ್ರೊಫೈಲ್ ಬದಲಿಸಿ, ಸ್ಯಾಚುರೇಷನ್ ಸೊನ್ನೆಗೆ ತಂದು, ಸಿಂಕ್ ಮಾಡುವಾಗ ಪ್ರೊಫೈಲ್ ಮತ್ತು ಸ್ಯಾಚುರೇಷನ್‌ಗೆ ಮಾತ್ರ ಟಿಕ್ ಹಾಕಿ.

ಬಣ್ಣ ಸರಿಯಾಗಿ ನೆರಳು ಮಾತ್ರ ಕಪ್ಪಗೆ ಬಂದ್ರೆ ಅದು ಆಕ್ಟಿವ್ ಡಿ-ಲೈಟಿಂಗ್ ಕೆಲಸ. ಸೋನಿಯಲ್ಲಿ ಡಿಆರ್‌ಓ, ಕೆನಾನ್‌ನಲ್ಲಿ ಆಟೋ ಲೈಟಿಂಗ್ ಆಪ್ಟಿಮೈಸರ್. ಜೆಪೆಗ್‌ನಲ್ಲಿ ನೆರಳು ಎತ್ತಿ ತೋರಿಸತ್ತೆ, ರಾಗೆ ಆ ಎತ್ತಿದ್ದು ಬರಲ್ಲ. ರಾ ತೆಗೆಯೋರು ಇದನ್ನ ಆಫ್ ಮಾಡಿಡೋದೇ ಸರಿ.

ಕೆಳಗೆ ಕಾಮೆಂಟ್‌ನಲ್ಲಿ ಒಬ್ರು "ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಇಡಿ, ಬಣ್ಣ ಜಾಸ್ತಿ ಬರತ್ತೆ" ಅಂದಿದ್ದಾರೆ. ದಯವಿಟ್ಟು ಹೊಸಬರಿಗೆ ಹೀಗೆ ಹೇಳಬೇಡಿ. ಆ ಸೆಟಿಂಗ್ ಜೆಪೆಗ್‌ಗೆ ಮಾತ್ರ. ರಾ ಡೇಟಾಗೆ ಕಲರ್ ಸ್ಪೇಸೇ (ಫೈಲ್‌ನಲ್ಲಿ ಹಿಡಿಸೋ ಬಣ್ಣಗಳ ವ್ಯಾಪ್ತಿ) ಇಲ್ಲ, ಅದು ರಾ ಬಿಡಿಸುವಾಗ ಬರೋದು. ಅಡೋಬಿ ಆರ್‌ಜಿಬಿ ಇಟ್ಟು ಜೆಪೆಗ್ ತೆಗೆದು ಸ್ಟುಡಿಯೋಗೆ ಕೊಟ್ರೆ ಪ್ರಿಂಟ್ ಇನ್ನಷ್ಟು ಸಪ್ಪೆ ಬರೋ ಸಾಧ್ಯತೆ ಇದೆ. ಫೈಲ್ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದ್ರೆ ನಿಕಾನ್, ಕೆನಾನ್‌ನಲ್ಲಿ ಅದು ಆನ್ ಇದೆ ಅಂತ ಅರ್ಥ. ವಾಪಸ್ ಎಸ್‌ಆರ್‌ಜಿಬಿ (ಸಾಮಾನ್ಯ ಸ್ಕ್ರೀನ್‌ಗಳು ಬಳಸೋ ಕಲರ್ ಸ್ಪೇಸ್) ಮಾಡಿ.

ಪ್ರೊಫೈಲ್ ಸರಿ ಇದ್ದೂ ಬಣ್ಣ ಕೆಟ್ಟಿದ್ರೆ, ಅದೇ ಫೈಲನ್ನ ಕಂಪನಿಯವರ ಸಾಫ್ಟ್‌ವೇರ್‌ನಲ್ಲಿ ತೆಗೀರಿ. ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ, ಕೆನಾನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ಸೋನಿಗೆ ಇಮೇಜಿಂಗ್ ಎಡ್ಜ್, ಮೂರೂ ಉಚಿತ. ಸಾವಿರ ಫೋಟೋ ಎಡಿಟ್ ಮಾಡೋಕೆ ಇವು ನಿಧಾನ, ಆದ್ರೆ ತಪ್ಪು ಎಲ್ಲಿದೆ ಅಂತ ಹಿಡಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಅಲ್ಲಿ ಸರಿ ಕಂಡ್ರೆ ಲೈಟ್‌ರೂಮ್ ಸೆಟಿಂಗ್ ತಪ್ಪು. ಅಲ್ಲೂ ಕೆಟ್ಟಿದ್ರೆ ಕಾರಣ ಬೆಳಕು, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ) ಅಥವಾ ಮಾನಿಟರ್.

ವೈಟ್ ಬ್ಯಾಲೆನ್ಸ್‌ಗೆ ಐಡ್ರಾಪರ್ ಹಿಡಿದು ಬಿಳಿ ಪಂಚೆ, ಬಿಳಿ ಶರ್ಟ್ ಮೇಲೆ ಒತ್ತಬೇಡಿ. ನೀಲಿ ಹಾಕಿ ಒಗೆದ ಬಟ್ಟೆ ನೀಲಿಗೇ ವಾಲಿರತ್ತೆ, ಡಿಟರ್ಜೆಂಟ್‌ನಲ್ಲಿರೋ ಹೊಳಪಿನ ರಾಸಾಯನಿಕ ಬಿಸಿಲಲ್ಲಿ ಇನ್ನಷ್ಟು ನೀಲಿ ಬೆಳಕು ಬಿಡತ್ತೆ. ಸಾಫ್ಟ್‌ವೇರ್ ಅದನ್ನ ಸರಿ ಮಾಡೋಕೆ ಹೋಗಿ ಇಡೀ ಫೋಟೋ ಹಳದಿ ಮಾಡತ್ತೆ. ಪ್ರಿಂಟರ್ ಹಾಳೆಯದೂ ಇದೇ ಕಥೆ. ಮಲ್ಲಿಗೆ ಹೂವೂ ಬೇಡ, ಅದರಲ್ಲಿ ಕೆನೆ ಬಣ್ಣ ಇದೆ. ಗ್ರೇ ಕಾರ್ಡ್ (ಯಾವ ಬಣ್ಣಕ್ಕೂ ವಾಲದ ಬೂದು ಕಾರ್ಡ್) ಜೇಬಲ್ಲಿಟ್ಕೊಳ್ಳಿ, ಬೆಳಕು ಬದಲಾದಾಗಲೆಲ್ಲ ಅದರದ್ದೊಂದು ಫ್ರೇಮ್ ತೆಗೀರಿ, ಐಡ್ರಾಪರ್ ಅದರ ಮೇಲೆ ಒತ್ತಿ. ಲಾಲ್‌ಬಾಗ್ ಮರದ ಕೆಳಗಿನ ನೆರಳಲ್ಲಿ ಎಲೆ ಮೂಲಕ ಬರೋ ಬೆಳಕು ಹಸಿರು, ಅಲ್ಲಿ ಟೆಂಪರೇಚರ್ (ನೀಲಿ-ಹಳದಿ ಸ್ಲೈಡರ್) ಎಷ್ಟು ಎಳೆದ್ರೂ ಸರಿ ಹೋಗಲ್ಲ, ಟಿಂಟ್ (ಹಸಿರು-ಮೆಜೆಂಟಾ ಸ್ಲೈಡರ್) ಮೆಜೆಂಟಾ ಕಡೆ ತರಬೇಕು. ಕ್ಯಾಮೆರಾದಲ್ಲಿ 5200 ಇಟ್ಟಿದ್ದು ಲೈಟ್‌ರೂಮ್‌ನಲ್ಲಿ ಬೇರೆ ನಂಬರ್ ತೋರಿಸ್ತಿದೆ ಅಂತ ತಲೆ ಕೆಡಿಸ್ಕೋಬೇಡಿ, ಕೆಲ್ವಿನ್ ಲೆಕ್ಕ ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ಥರ.

ಗಾಜಿನ ಮನೆ ಒಳಗೆ ಮೇಲಿಂದ ಹಗಲು ಬೆಳಕು, ಪಕ್ಕದಿಂದ ಎಲ್‌ಇಡಿ ಬಿದ್ದಾಗ ಒಂದು ವೈಟ್ ಬ್ಯಾಲೆನ್ಸ್ ಎರಡಕ್ಕೂ ಆಗಲ್ಲ. ಎಲ್‌ಇಡಿ ಬಿದ್ದ ಭಾಗಕ್ಕೆ ಮಾಸ್ಕ್ ಹಾಕಿ ಅಲ್ಲಿ ಮಾತ್ರ ಟೆಂಪರೇಚರ್ ಬದಲಿಸಿ. ಫೋಟೋದಲ್ಲಿ ಅಡ್ಡ ಪಟ್ಟಿ ಪಟ್ಟಿಯಾಗಿ ಬಣ್ಣ ಬಂದಿದ್ರೆ ಅದು ಫ್ಲಿಕರ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗತ್ತೆ. ಶಟರ್ ಸ್ಪೀಡ್ 1/50 ಅಥವಾ 1/100ರಲ್ಲಿ, ಮೆಕ್ಯಾನಿಕಲ್ ಶಟರ್‌ನಲ್ಲಿ ತೆಗೀರಿ. ಸೈಲೆಂಟ್ ಮೋಡ್ ಬೇಡ. ಹಳೇ ಸೋಡಿಯಂ ಬೀದಿ ದೀಪದ ಕೆಳಗೆ ತೆಗೆದದ್ದನ್ನ ಸರಿ ಮಾಡೋಕೆ ಒದ್ದಾಡಬೇಡಿ. ಆ ಬೆಳಕಲ್ಲಿ ಹಳದಿ ಬಿಟ್ಟು ಬೇರೆ ಬಣ್ಣ ಇರೋದೇ ಕಮ್ಮಿ, ಕಪ್ಪು-ಬಿಳುಪು ಮಾಡಿಬಿಡಿ.

ಈಗ ನಿಮ್ಮ ಗುಲಾಬಿ. ಕಡು ಕೆಂಪು ಹೂವಲ್ಲಿ ಆಗೋದು ಇಷ್ಟು: ಎಸ್‌ಆರ್‌ಜಿಬಿ ಒಳಗೆ ಹಿಡಿಸದಷ್ಟು ಕೆಂಪಾದಾಗ ಕೆಂಪು ಚಾನೆಲ್ 255ಕ್ಕೆ ಅಂಟತ್ತೆ, ಹಸಿರು ಮತ್ತು ನೀಲಿ ಸೊನ್ನೆಗೆ ಅಂಟತ್ತೆ. ಪಕಳೆಯ ನರ, ಮಡಿಕೆ ಕಾಣೋದು ಈ ಮೂರರಲ್ಲಿರೋ ಸಣ್ಣ ಏರಿಳಿತದಿಂದ. ಏರಿಳಿತ ಹೋದ್ರೆ ಉಳಿಯೋದು ಒಂದು ಕೆಂಪು ಮಚ್ಚೆ. ಸ್ಯಾಚುರೇಷನ್ +35 ಇದನ್ನೇ ಮಾಡಿರೋದು. ರಾನಲ್ಲಿ ನರ ಹಾಗೇ ಇದೆ, ಹೋಗಿಲ್ಲ. ಡೆವಲಪ್‌ನಲ್ಲಿ ಕೀಬೋರ್ಡ್‌ನ ಎಸ್ ಒತ್ತಿ ಸಾಫ್ಟ್ ಪ್ರೂಫಿಂಗ್ (ಎಕ್ಸ್‌ಪೋರ್ಟ್ ಆದ್ಮೇಲೆ ಹೇಗೆ ಕಾಣತ್ತೆ ಅನ್ನೋ ಮುನ್ನೋಟ) ಹಾಕಿ, ಪ್ರೊಫೈಲ್ ಎಸ್‌ಆರ್‌ಜಿಬಿ, ಹಿಸ್ಟೋಗ್ರಾಂ ಮೂಲೆಯ ಗ್ಯಾಮಟ್ ವಾರ್ನಿಂಗ್ (ಹಿಡಿಸದ ಬಣ್ಣ ಗುರುತು ಮಾಡಿ ತೋರಿಸೋದು) ಆನ್ ಮಾಡಿ. ಎಚ್‌ಎಸ್‌ಎಲ್‌ನಲ್ಲಿ (ಒಂದೊಂದೇ ಬಣ್ಣ ತಿದ್ದೋ ಪ್ಯಾನೆಲ್, ಹೊಸ ಆವೃತ್ತಿಯಲ್ಲಿ ಕಲರ್ ಮಿಕ್ಸರ್) ರೆಡ್ ಸ್ಯಾಚುರೇಷನ್ -10ರಿಂದ -20, ಜೊತೆಗೆ ರೆಡ್ ಲ್ಯೂಮಿನನ್ಸ್ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ, ನರ ವಾಪಸ್ ಬರೋವರೆಗೆ. ಎಕ್ಸ್‌ಪೋಷರ್ ಇಳಿಸಬೇಡಿ, ಎಲೆಯೂ ಕಪ್ಪಾಗತ್ತೆ. ಮೇ ತಿಂಗಳ ಗುಲ್‌ಮೊಹರ್‌ಗೂ ಇದೇ ಔಷಧ. ಕ್ಯಾಮೆರಾದ ಹಿಸ್ಟೋಗ್ರಾಂ ಜೆಪೆಗ್‌ನದು, ಅಲ್ಲಿ ಕೆಂಪು ಬಲಕ್ಕೆ ಒತ್ತಿದ ಮಾತ್ರಕ್ಕೆ ರಾ ಕೆಟ್ಟಿದೆ ಅಂತಲ್ಲ. ಪಿಕ್ಚರ್ ಕಂಟ್ರೋಲ್ ನ್ಯೂಟ್ರಲ್ ಇಟ್ರೆ ಹತ್ತಿರದ ಅಂದಾಜು ಸಿಗತ್ತೆ.

ಮಾನಿಟರ್. ಲೈಟ್‌ರೂಮ್‌ನಲ್ಲಿ ಮಾತ್ರ ಎಲ್ಲ ಫೋಟೋದ ಬಿಳಿಯೂ ಹಳದಿ, ಬೇರೆ ವ್ಯೂವರ್‌ನಲ್ಲಿ ಸರಿ ಅಂದ್ರೆ ಮಾನಿಟರ್ ಪ್ರೊಫೈಲ್ ಕೆಟ್ಟಿದೆ. ವಿಂಡೋಸ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆಗೆದು, ನಿಮ್ಮ ಡಿಸ್‌ಪ್ಲೇ ಆರಿಸಿ, ಯೂಸ್ ಮೈ ಸೆಟಿಂಗ್ಸ್ ಟಿಕ್ ಹಾಕಿ, ಎಸ್‌ಆರ್‌ಜಿಬಿ ಸೇರಿಸಿ ಡಿಫಾಲ್ಟ್ ಮಾಡಿ, ಲೈಟ್‌ರೂಮ್ ಮುಚ್ಚಿ ತೆಗೀರಿ. ಇದು ತಾತ್ಕಾಲಿಕ, ಕ್ಯಾಲಿಬ್ರೇಟರ್ (ಮಾನಿಟರ್ ಬಣ್ಣ ಅಳೆದು ಸರಿ ಮಾಡೋ ಸಾಧನ) ಇದ್ದವರ ಹತ್ರ ಒಂದು ದಿನಕ್ಕೆ ಕೇಳಿ ತಗೊಳ್ಳಿ. ಬಿಳಿ 6500 ಕೆಲ್ವಿನ್, ಬ್ರೈಟ್‌ನೆಸ್ 100-120 ಕ್ಯಾಂಡೆಲಾ ಸಾಕು. ನೈಟ್ ಲೈಟ್ ಆಫ್ ಇರ್ಲಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಮಾನಿಟರ್ ತಗೊಳ್ಳುವಾಗ ಇಂಚು, ಹರ್ಟ್ಸ್ ಕೇಳೋ ಮುಂಚೆ 100% ಎಸ್‌ಆರ್‌ಜಿಬಿ ಇದೆಯಾ ಕೇಳಿ. 45% ಎನ್‌ಟಿಎಸ್‌ಸಿ ಅಂತ ಬರೆದ, ಅಂದ್ರೆ ಕಮ್ಮಿ ಬಣ್ಣ ತೋರಿಸೋ ಲ್ಯಾಪ್‌ಟಾಪ್ ಪ್ಯಾನೆಲ್ ಮೇಲೆ ಕೆಂಪು ಯಾವತ್ತೂ ಸರಿ ಕಾಣಲ್ಲ, ನೀವು ಸ್ಯಾಚುರೇಷನ್ ಏರಿಸ್ತಾನೇ ಇರ್ತೀರ.

ಹೊಸ ಕ್ಯಾಮೆರಾ ಫೈಲ್ ಹಳೇ ಲೈಟ್‌ರೂಮ್ 6ರಲ್ಲಿ ತೆರೆಯಲ್ಲ ಅಂತ ಎಕ್ಸಿಫ್‌ನಲ್ಲಿ (ಫೈಲ್ ಒಳಗೆ ಕ್ಯಾಮೆರಾ ಬರೆದಿಡೋ ಮಾಹಿತಿ) ಮಾಡೆಲ್ ಹೆಸರು ಬದಲಿಸೋ ಉಪಾಯ ಓಡಾಡ್ತಿದೆ. ಮಾಡ್ಬೇಡಿ. ಬೇರೆ ಸೆನ್ಸರ್‌ನ ಬಣ್ಣದ ಲೆಕ್ಕ ನಿಮ್ಮ ಫೈಲ್ ಮೇಲೆ ಕೂರತ್ತೆ. ರಾ ಫೈಲನ್ನ ಅಡೋಬಿಯ ಡಿಎನ್‌ಜಿ ಫಾರ್ಮ್ಯಾಟ್‌ಗೆ ಬದಲಿಸೋ ಉಚಿತ ಡಿಎನ್‌ಜಿ ಕನ್ವರ್ಟರ್ ಇದೆ, ಕಂಪ್ಯಾಟಿಬಿಲಿಟಿ ಹಳೇ ಆವೃತ್ತಿಗೆ ಇಟ್ಟು ಕನ್ವರ್ಟ್ ಮಾಡಿ, ಮೂಲ ರಾ ಉಳಿಸ್ಕೊಳ್ಳಿ. ಡಾರ್ಕ್‌ಟೇಬಲ್ (ಉಚಿತ ರಾ ಎಡಿಟರ್) ಬಳಸೋರು ಕಲರ್ ಕ್ಯಾಲಿಬ್ರೇಷನ್ ಆನ್ ಇದ್ದಾಗ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನ ಕ್ಯಾಮೆರಾ ರೆಫರೆನ್ಸ್‌ನಲ್ಲೇ ಬಿಡಿ, ಎರಡೂ ಕಡೆ ತಿರುಗಿಸಿದ್ರೆ ಬಣ್ಣ ಎರಡು ಸಲ ತಿದ್ದಿದ ಹಾಗೆ. ಮೋಡ, ದೀಪ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ರಾ ವೈಟ್ ಪಾಯಿಂಟ್ ಸ್ವಲ್ಪ ಇಳಿಸಿ.

ಎಕ್ಸ್‌ಪೋರ್ಟ್ ಎಸ್‌ಆರ್‌ಜಿಬಿ, ಜೆಪೆಗ್. ಪ್ರೋಫೋಟೋದಲ್ಲಿ (ತುಂಬ ದೊಡ್ಡ ಕಲರ್ ಸ್ಪೇಸ್) ಕೊಟ್ರೆ ಪ್ರೊಫೈಲ್ ಓದದ ಆಪ್‌ಗಳಲ್ಲಿ ಸಪ್ಪೆ ಕಾಣೋದು ಗ್ಯಾರಂಟಿ. ಮುಂದಿನ ಸಲ ಇಲ್ಲಿ ಕೇಳುವಾಗ ಸ್ಕ್ರೀನ್‌ಶಾಟ್ ಬೇಡ, ರಾ ಫೈಲನ್ನೇ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ, ಜೊತೆಗೆ ಸಾಫ್ಟ್‌ವೇರ್ ಆವೃತ್ತಿ ಮತ್ತು ಯಾವ ಪಿಕ್ಚರ್ ಕಂಟ್ರೋಲ್ ಇತ್ತು ಅಂತ ಬರೀರಿ. ವಾಟ್ಸಾಪ್‌ನಲ್ಲೇ ಕಳಿಸೋದಾದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ.