ಕಾರವಾರ ಕಟ್ಟಿದವರು ಯಾರು?

ನಂದನಗದ್ದಾದ ಓದುಗರೊಬ್ಬರು ಕೇಳಿದ್ದಾರೆ: "ಕಾರವಾರ ಬ್ರಿಟಿಷರು ಕಟ್ಟಿದ ಊರು ಅಂತ ಎಲ್ಲರೂ ಹೇಳ್ತಾರೆ. ಕಡವಾಡದ ನನ್ನ ಅಜ್ಜಿ ಮಾತ್ರ ಒಪ್ಪುವುದಿಲ್ಲ. ನಿಜವಾದ ಕಾರವಾರ ನಮ್ಮೂರೇ ಅನ್ನುತ್ತಾರೆ. ಯಾರ ಮಾತು ಸರಿ?"

ಅಜ್ಜಿಯ ಮಾತಿಗೇ ಜಾಸ್ತಿ ತೂಕ. ಹಳೆಯ ಕಾರವಾರ ಇದ್ದದ್ದು ಈಗಿನ ಪೇಟೆಯಲ್ಲಲ್ಲ, ನಾಲ್ಕೈದು ಕಿಲೋಮೀಟರ್ ಪೂರ್ವಕ್ಕೆ, ಕಾಳಿ ನದಿಯ ದಂಡೆಯಲ್ಲಿ. 'ಕಡೆಯ ವಾಡಾ' ಕಡವಾಡವಾಯಿತು, ಅದೇ ಪರದೇಶದವರ ಬಾಯಲ್ಲಿ ಕಾರವಾರವಾಯಿತು ಎಂದು ನಮ್ಮ ಕಡೆ ಹೇಳುತ್ತಾರೆ. ಒಮ್ಮೆ ಕಡವಾಡದ ದಂಡೆಯಲ್ಲಿ ಹೋಗಿ ನಿಂತು ನೋಡಿ. ಹೊಳೆ ಅಲ್ಲಿ ಅಗಲ, ನೀರು ಶಾಂತ. ಮಳೆಗಾಲದ ಕಡಲಿನ ಅಬ್ಬರ ಅಷ್ಟು ಒಳಗೆ ತಲುಪುವುದಿಲ್ಲ. ಹಡಗಿನವರಿಗೆ ಇನ್ನೇನು ಬೇಕು?

1638ರಲ್ಲಿ ಕೋರ್ಟೀನ್ ಎಂಬ ಇಂಗ್ಲಿಷ್ ಕಂಪನಿ ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆಯಿತು. ಆಗ ಇದು ಬಿಜಾಪುರದ ಆದಿಲಶಾಹಿಗೆ ಸೇರಿದ ಬಂದರು. ಘಟ್ಟದಿಂದ ಕಾಳುಮೆಣಸು ಇಳಿಯುತ್ತಿತ್ತು, ಹುಬ್ಬಳ್ಳಿ ಕಡೆಯಿಂದ ತೆಳು ಮಸ್ಲಿನ್ ಬಟ್ಟೆ ಬರುತ್ತಿತ್ತು. 1665ರಲ್ಲಿ ಶಿವಾಜಿಯೂ ಇಲ್ಲಿಗೆ ಬಂದು ಕಪ್ಪ ತೆಗೆದುಕೊಂಡು ಹೋದ. ಬಡ ಊರಿಗೆ ಯಾರೂ ಕಪ್ಪ ಕೇಳಲು ಬರುವುದಿಲ್ಲ ಅಲ್ವಾ? ಮುಂದೆ ಸೋಂದೆಯ ಅರಸ ಬಸವಲಿಂಗ ನದಿಯ ಆಚೆ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆಯ ಹೆಸರಿಟ್ಟ. ಅದೇ ಸದಾಶಿವಗಡ. 1752ರಲ್ಲಿ ಅದು ಪೋರ್ಚುಗೀಸರ ಪಾಲಾಯಿತು. ಇಂಗ್ಲಿಷರ ವ್ಯಾಪಾರವೂ ಕುಂದಿತು.

ಈಗಿನ ಪೇಟೆಯ ಕಥೆ ಬೇರೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು. ಹುಬ್ಬಳ್ಳಿ-ಧಾರವಾಡದ ಹತ್ತಿ ಬೈತಖೋಲ ಬಂದರಿನಿಂದ ಹೋಗಲಿ ಎಂಬ ಆಸೆ ಸರ್ಕಾರಕ್ಕಿತ್ತು. ಕಚೇರಿ, ಕೋರ್ಟು, ಬಂಗಲೆಗಳು ಎದ್ದವು. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದದ್ದು ಈ ಹೊಸ ಕಾರವಾರದಲ್ಲೇ. ಆದರೆ ರೈಲು ಗೋವಾದ ಮುರ್ಮಗೋವಾ ಬಂದರಿಗೆ ಹೋಯಿತು, ನಮ್ಮ ಊರಿಗೆ ಬಂದದ್ದು 1990ರ ದಶಕದಲ್ಲಿ. ಆ ನೋವು ನನಗೆ ಈಗಲೂ ಇದೆ.

ಆದರೆ ಬ್ರಿಟಿಷರು ಖಾಲಿ ಮರಳಿನ ಮೇಲೆ ಊರು ಕಟ್ಟಲಿಲ್ಲ. ಮೀನುಗಾರರು ಅಲ್ಲಿ ಮೊದಲೇ ಇದ್ದರು. ನಿಮ್ಮ ಕೇರಿಗಳ ಹೆಸರನ್ನೇ ನೋಡಿ. ಹಬ್ಬುವಾಡ ಹಬ್ಬು ಮನೆತನಗಳದ್ದು. ಸೋನಾರವಾಡ ಅಕ್ಕಸಾಲಿಗರದ್ದು. ಕೋಮಾರಪಂತವಾಡದ ಹೆಸರು ಅಲ್ಲಿಯ ಕೋಮಾರಪಂತ ಸಮುದಾಯದ್ದೇ. ಕಾಜುಬಾಗ ಅಂದರೆ ಗೇರು ತೋಟ. ನಿಮ್ಮ ನಂದನಗದ್ದಾದಲ್ಲಿ ಗದ್ದೆ ಇನ್ನೂ ಹೆಸರಾಗಿ ಉಳಿದಿದೆ. ಇದರಲ್ಲಿ ಒಂದೂ ಸಾಹೇಬರು ಇಟ್ಟ ಹೆಸರಲ್ಲ. ಸಾಹೇಬರು ರಸ್ತೆ ಹಾಕಿದರು, ಕಚೇರಿ ತಂದರು. ಊರನ್ನು ಊರು ಮಾಡಿದವರು ಈ ವಾಡಾಗಳ ಜನ.

ಅಜ್ಜಿಯ ಹತ್ತಿರ ಸುಮ್ನೆ ಕೂತು ಇನ್ನೊಂದು ವಿಷಯ ಕೇಳಿ. ಕಡವಾಡದಿಂದ ಪೇಟೆಗೆ ಅವರ ಕಾಲದಲ್ಲಿ ದೋಣಿಯಲ್ಲಿ ಬರುತ್ತಿದ್ದರಾ? ಯಾವ ಧಕ್ಕೆಯಲ್ಲಿ ಇಳಿಯುತ್ತಿದ್ದರು? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ