ಎರಡು ಬೀದಿ ಆಚೆಗೊಂದು ರೂಮು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ಮಗನಿಗೆ 31 ವರ್ಷ. ಒಂಬತ್ತು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ) ಚಿಕಿತ್ಸೆ. ಎರಡು ಸಲ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಒಂದೂವರೆ ವರ್ಷದಿಂದ ಮಾತ್ರೆ ತಪ್ಪಿಸಿಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಅರ್ಧ ದಿನ ಕೆಲಸ ಮಾಡುತ್ತಾನೆ. ಆದರೆ ಮನೆಯಲ್ಲಿ ಅಪ್ಪ–ಮಗನಿಗೆ ದಿನವೂ ಜಗಳ. ‘ನಾನು ಬೇರೆ ರೂಮು ಮಾಡ್ತೀನಿ’ ಎಂದಿದ್ದಾನೆ. ಅಪ್ಪನ ಒಪ್ಪಿಗೆ ಇದೆ. ತಾಯಿಗೆ ನಿದ್ದೆ ಬರುತ್ತಿಲ್ಲ. ‘ಕಾಯಿಲೆ ಮಗನನ್ನ ಹೊರಗೆ ಹಾಕಿದ್ರು ಅಂತ ನೆಂಟರು ಆಡ್ಕೊಳ್ಳಲ್ವಾ? ಅವನು ಊಟ, ಮಾತ್ರೆ ಬಿಟ್ಟುಬಿಟ್ರೆ?’ ಎಂದು ಕೇಳಿದ್ದಾರೆ.

ಅಕ್ಕಾ,

ರೂಮಿನ ಮಾತು ಎತ್ತಿದ್ದು ಮಗನೇ ಎಂದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ಒಂಬತ್ತು ವರ್ಷ ಈ ಕಾಯಿಲೆ ಜೊತೆ ಹೆಣಗಿದ ಹುಡುಗ ‘ನನ್ನದೊಂದು ಜಾಗ ಬೇಕು’ ಅನ್ನುತ್ತಿದ್ದಾನೆ. ಅದು ನೀವು ಸಾಕಿ ಉಳಿಸಿಕೊಂಡ ಆಸೆ. ಅದಕ್ಕೆ ಹೆದರಬೇಡಿ.

ನನ್ನ ತಮ್ಮನಿಗೂ ಇದೇ ಕಾಯಿಲೆ. ಅವನು ಬೇರೆ ರೂಮಿಗೆ ಹೋದಾಗ ನಮ್ಮಮ್ಮ ಒಂದು ತಿಂಗಳು ದಿನಾ ಎರಡು ಹೊತ್ತು ಕ್ಯಾರಿಯರ್ ಹೊತ್ತಳು. ಆಮೇಲೆ ಅವನೇ ಒಂದು ದಿನ, ‘ಅಮ್ಮ, ರಾತ್ರಿಗೆ ಬೇಡ, ಅನ್ನ ನಾನೇ ಮಾಡ್ಕೋತೀನಿ, ಸಾರು ಮಾತ್ರ ಕೊಡು’ ಎಂದ. ಅಮ್ಮ ಮನೆಗೆ ಬಂದು ಅತ್ತಳು. ದುಃಖಕ್ಕೋ ಸಂತೋಷಕ್ಕೋ ಅವಳಿಗೇ ಗೊತ್ತಿರಲಿಲ್ಲ.

1958ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರು ಆಮೇಲೆ ಹೇಗಿದ್ದಾರೆ ಎಂದು ನೋಡಿದ್ದರು. ಅಪ್ಪ–ಅಮ್ಮ ಅಥವಾ ಹೆಂಡತಿ ಜೊತೆ ಇದ್ದವರಿಗಿಂತ, ಬಾಡಿಗೆ ಕೋಣೆಯಲ್ಲೋ ಒಡಹುಟ್ಟಿದವರ ಮನೆಯಲ್ಲೋ ಇದ್ದವರು ಚೆನ್ನಾಗಿದ್ದರು. ಪ್ರೀತಿ ಕಡಿಮೆ ಇದ್ದದ್ದರಿಂದ ಹಾಗಾಗಲಿಲ್ಲ. ದಿನವಿಡೀ ತಪ್ಪು ಹುಡುಕುವ ಮಾತು, ಸಿಟ್ಟು, ಅತಿಯಾದ ಕಾಳಜಿ ಇವು ಈ ಕಾಯಿಲೆಯವರಿಗೆ ತುಂಬಾ ಭಾರ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಅತಿಯಾದ ಕಾಳಜಿಯೂ ಆ ಪಟ್ಟಿಯಲ್ಲಿದೆ, ಅಕ್ಕಾ. ಇದನ್ನು ನಿಮ್ಮ ತಲೆ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ. ಸ್ವಲ್ಪ ದೂರ ಇದ್ದರೆ ಇಬ್ಬರಿಗೂ ಉಸಿರಾಡಲು ಜಾಗ ಸಿಗುತ್ತದೆ, ಅಷ್ಟೇ.

ಈಗ ಕೆಲಸದ ಮಾತು. ರೂಮು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ, ಅಂಗಡಿಗೂ ಹತ್ತಿರ ಇರಲಿ. ಮೊದಲ ತಿಂಗಳು ವಾರಕ್ಕೆ ಎರಡು ರಾತ್ರಿ ಮಾತ್ರ ಅಲ್ಲಿ ಮಲಗಲಿ, ಆಮೇಲೆ ನಾಲ್ಕು. ಕರಾರು ಪತ್ರ ಅವನ ಹೆಸರಲ್ಲೇ ಆಗಲಿ. ಅಡ್ವಾನ್ಸ್ ನೀವು ಕೊಡಿ, ಬಾಡಿಗೆಯಲ್ಲಿ ಒಂದು ಪಾಲಾದರೂ ಅವನ ಸಂಬಳದಿಂದ ಹೋಗಲಿ. ಓನರ್‌ಗೆ ಕಾಯಿಲೆಯ ಕಥೆಯೆಲ್ಲ ಹೇಳಬೇಕಿಲ್ಲ. ಅಡುಗೆಗೆ ಒಂದು ಇಂಡಕ್ಷನ್ ಒಲೆ ಸಾಕು, ಮಧ್ಯಾಹ್ನಕ್ಕೆ ಮೆಸ್ ಗೊತ್ತು ಮಾಡಿ.

ಮಾತ್ರೆ ವಿಷಯವೇ ನಿಮ್ಮ ದೊಡ್ಡ ಭಯ. ರೂಮು ನೋಡುವ ಮೊದಲು ಮಗನ ಜೊತೆ ಡಾಕ್ಟರ್ ಹತ್ತಿರ ಹೋಗಿ. ದಿನಾ ನುಂಗುವ ಮಾತ್ರೆ ಬದಲು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇವನಿಗೆ ಆಗುತ್ತದೆಯೇ ಎಂದು ಅವನೇ ಕೇಳಲಿ. ಎಲ್ಲರಿಗೂ ಅದು ಹೊಂದುವುದಿಲ್ಲ, ಹೊಂದಿದರೆ ದಿನಾ ‘ಮಾತ್ರೆ ನುಂಗಿದೆಯಾ’ ಎಂದು ಕೇಳುವುದು ತಪ್ಪುತ್ತದೆ. ಮಾತ್ರೆಯೇ ಆದರೆ ವಾರದ ದಿನಗಳ ಡಬ್ಬಿ ತನ್ನಿ, ಭಾನುವಾರ ಊಟಕ್ಕೆ ಬಂದಾಗ ಅವನೇ ತುಂಬಿಕೊಳ್ಳಲಿ. ಖರ್ಚು ಜಾಸ್ತಿ ಅನಿಸಿದರೆ ನಿಮ್ಮೂರಿನ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ.

ಒಂದು ಹಾಳೆಯಲ್ಲಿ ಅವನ ಕೈಯಲ್ಲೇ ಬರೆಸಿ: ಕಾಯಿಲೆ ಮರುಕಳಿಸುವಾಗ ನನಗೆ ಮೊದಲು ಏನಾಗುತ್ತದೆ? ನಿದ್ದೆ ಹೋಗುತ್ತದಾ, ಫೋನ್ ತೆಗೆಯುವುದಿಲ್ಲವಾ, ಯಾರೋ ನನ್ನ ಬಗ್ಗೆ ಮಾತಾಡ್ತಿದ್ದಾರೆ ಅನಿಸುತ್ತದಾ? ಆಗ ಅಮ್ಮ ಏನು ಮಾಡಬಹುದು, ಏನು ಮಾಡಬಾರದು? ಎಷ್ಟು ದಿನ ನೋಡಿ ಡಾಕ್ಟರಿಗೆ ಫೋನ್ ಮಾಡಬೇಕು? ಇನ್ನೊಂದು ಬೀಗದ ಕೈ ಯಾರ ಹತ್ತಿರ ಇರಬೇಕು? ಅವನು ನೆಮ್ಮದಿಯಾಗಿರುವಾಗ ಒಪ್ಪಿ ಬರೆದದ್ದಾದರೆ ಕಷ್ಟದ ದಿನ ನೀವು ಬಾಗಿಲು ತಟ್ಟಿದಾಗ ಅದು ಪಹರೆ ಅನಿಸುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇದಕ್ಕೆ ದಾರಿ ಇದೆ. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವ ಒಬ್ಬರನ್ನೂ ಅವನೇ ಹೆಸರಿಸಬಹುದು.

ಅವನು ಸಾಯುವ ಮಾತು ಆಡುತ್ತಿದ್ದರೆ, ಕುಡಿತ ಶುರುವಾಗಿದ್ದರೆ, ಇಲ್ಲವೇ ಈಚೆಗಷ್ಟೇ ಮಾತ್ರೆ ಬದಲಾಗಿದ್ದರೆ ಈ ಯೋಚನೆ ಮುಂದಕ್ಕೆ ಹಾಕಿ. ‘ಸಾಯಬೇಕು ಅನಿಸುತ್ತಾ?’ ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗಾಗಿಯೂ ಮಾಡಬಹುದು. ಒಬ್ಬನೇ ಇರುವುದು ಈಗಲೇ ಕಷ್ಟ ಎಂದು ಡಾಕ್ಟರ್ ಹೇಳಿದರೆ ಹಾಫ್‌ವೇ ಹೋಮ್ ಇದೆ. ಅಲ್ಲಿ ಕೆಲವು ತಿಂಗಳು ಉಳಿದು ಅಡುಗೆ, ದುಡ್ಡು, ದಿನಚರಿ ಎಲ್ಲ ರೂಢಿ ಮಾಡಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಇಂಥ ಮನೆಗಳನ್ನು ನಡೆಸುತ್ತಾ ಬಂದಿವೆ.

ನೆಂಟರಿಗೆ ‘ಅಂಗಡಿಗೆ ಹತ್ತಿರ ಅಂತ ರೂಮು ಮಾಡಿದ್ದಾನೆ’ ಅನ್ನಿ. ಸುಳ್ಳೇನಲ್ಲವಲ್ಲ. ಒಂಬತ್ತು ವರ್ಷ ಆಸ್ಪತ್ರೆ ಕಾರಿಡಾರಿನಲ್ಲಿ ನಿಮ್ಮ ಪಕ್ಕ ಕೂತವರಿಗೆ ಮಾತ್ರ ಪೂರ್ತಿ ಉತ್ತರ ಕೊಡಿ.

ಯಜಮಾನರಿಗೂ ಒಂದು ಮಾತು ಹೇಳಿ. ಸಾಮಾನು ಸಾಗಿಸುವ ದಿನ ಅವರೂ ಹೋಗಲಿ. ಫ್ಯಾನ್ ಹಾಕಿಸಲಿ, ಚಿಲಕ ಸರಿ ಮಾಡಲಿ. ‘ಹೋದರೆ ಸಾಕು’ ಅನ್ನುವ ಮುಖ ಮಗನಿಗೆ ಕಂಡರೆ ಆ ರೂಮು ಅವನಿಗೆ ಶಿಕ್ಷೆಯಾಗುತ್ತದೆ.

ಮನೆಯಲ್ಲಿರುವ ಅವನ ಕೋಣೆಯನ್ನು ಬಾಡಿಗೆಗೆ ಕೊಡೋಣವೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಒಂದು ವರ್ಷ ಬೇಡ. ಮಂಚ, ಹಾಸಿಗೆ ಹಾಗೇ ಇರಲಿ. ಹಾಗೇ ಇರುತ್ತದೆ ಎಂದು ಅವನಿಗೂ ಬಾಯಿಬಿಟ್ಟು ಹೇಳಿ. ವರ್ಷ ಕಳೆದ ಮೇಲೆ ಅವನನ್ನೇ ಕೇಳಿ.