ಸೈನಿಕರಾಗಿದ್ದ ತಂದೆಯವರ ಡಿಸ್ಚಾರ್ಜ್ ಬುಕ್‌ನಲ್ಲಿ (ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಸೇವಾ ವಿವರಗಳ ಪುಸ್ತಕದಲ್ಲಿ) ಬಿಟ್ಟುಹೋದ 1971ರ ಭಾರತ-ಪಾಕ್ ಯುದ್ಧದ ಪದಕವನ್ನು ಸೇರಿಸಲು ಯಾರಿಗೆ ಬರೆಯಬೇಕು?

ಅವರು ಸೇವೆ ಸಲ್ಲಿಸಿದ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆಗಳನ್ನು ಇಡುವ ಕಚೇರಿಗೆ ಬರೆಯಬೇಕು. ಉದಾಹರಣೆಗೆ, ಮದ್ರಾಸ್ ರೆಜಿಮೆಂಟಿನವರಾಗಿದ್ದರೆ ತಮಿಳುನಾಡಿನ ವೆಲಿಂಗ್ಟನ್‌ಗೆ, ಮದ್ರಾಸ್ ಸ್ಯಾಪರ್ಸ್‌ (ಸೇನೆಯ ಎಂಜಿನಿಯರ್ ದಳ) ನವರಾಗಿದ್ದರೆ ಬೆಂಗಳೂರಿಗೆ. ಕೊಡಗಿನವರಾದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯು ಅರ್ಜಿ ಬರೆಯಲು ನೆರವಾಗಬಹುದು, ಆದರೆ ಸೈನಿಕರ ಮೂಲ ದಾಖಲೆ ಅಲ್ಲಿರುವುದಿಲ್ಲ.

ಪದಕ ಬಿಟ್ಟುಹೋಗುವುದಕ್ಕೆ ಒಂದು ಕಾರಣವಿದೆ. ಡಿಸ್ಚಾರ್ಜ್ ಬುಕ್ಕಿನ ವಿವರಗಳು ರೆಕಾರ್ಡ್ ಆಫೀಸಿನಲ್ಲಿರುವ ಸೇವಾ ದಾಖಲೆಯನ್ನು ಆಧರಿಸಿರುತ್ತವೆ, ಆ ದಾಖಲೆಗೆ ಪದಕವು ಸೇರುವುದು ಘಟಕವು ‘ಪಾರ್ಟ್ ಟು ಆರ್ಡರ್’ ಎಂಬ ಲಿಖಿತ ಆದೇಶವನ್ನು ಹೊರಡಿಸಿದಾಗ. ಆ ಹೊತ್ತಿಗೆ ಸೈನಿಕರು ವರ್ಗವಾಗಿಯೋ ನಿವೃತ್ತರಾಗಿಯೋ ಘಟಕವನ್ನು ಬಿಟ್ಟಿದ್ದರೆ ಹೆಸರು ತಪ್ಪಿಹೋಗುವ ಸಂಭವವಿತ್ತು.

ಆದ್ದರಿಂದ ಅರ್ಜಿಯಲ್ಲಿ ‘ತಂದೆಯವರು ಯುದ್ಧದಲ್ಲಿದ್ದರು’ ಎಂದಷ್ಟೇ ಬರೆದರೆ ಸಾಲದು. ಸೇವಾ ಸಂಖ್ಯೆ, ಘಟಕದ ಹೆಸರು, ಆಗ ಅದು ಇದ್ದ ಸ್ಥಳ ಮತ್ತು ಅವಧಿಯನ್ನು ತಿಳಿಸಿ, ಡಿಸ್ಚಾರ್ಜ್ ಬುಕ್ ಹಾಗೂ ಪಿಂಚಣಿ ಆದೇಶದ ನಕಲುಗಳನ್ನು ಲಗತ್ತಿಸಬೇಕು. ಆ ಯುದ್ಧದ ಪೂರ್ವ ಮತ್ತು ಪಶ್ಚಿಮ ರಂಗಗಳಿಗೆ ಮೀಸಲಾದ ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ ಪದಕಗಳಿಗೆ ಗೊತ್ತುಪಡಿಸಿದ ವಲಯದಲ್ಲಿ ಸೇವೆ ಸಲ್ಲಿಸಿರಬೇಕು ಎಂಬುದರಿಂದ ಸ್ಥಳದ ವಿವರವೇ ನಿರ್ಣಾಯಕ ಎಂದು ನನ್ನ ಭಾವನೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ನೀಡಿದ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕಕ್ಕೆ ಅಷ್ಟು ಶ್ರಮವಿಲ್ಲ, ಸೇವೆಯ ದಿನಾಂಕಗಳೇ ಸಾಕ್ಷಿ. ಶೌರ್ಯ ಪ್ರಶಸ್ತಿಯಾದರೆ ಭಾರತದ ಗೆಜೆಟ್ ಅಧಿಸೂಚನೆಯ ದಿನಾಂಕವನ್ನೂ ಬರೆಯಿರಿ.

ತಂದೆಯವರು ಇದ್ದರೆ ಸಹಿ ಅವರದೇ ಇರಲಿ. ಘಟಕ ಎಲ್ಲಿತ್ತೆಂಬುದನ್ನು ಈಗಲೇ ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ.